ಬೆನ್ನಲ್ಲ, ಹೊಟ್ಟೆ ನೋಡಿ

ಮುಂಬೈ ಸುತ್ತಮುತ್ತ ಹಿಟ್ಟುತಿಗಣೆಯ ಕಾಟಕ್ಕೆ ಎಷ್ಟೋ ಮಳೆಮರಗಳು ಒಣಗಿ ನಿಂತಿವೆ. ಶಹಾಡ್‌ನಲ್ಲಾಗಲಿ ಕಲ್ಯಾಣದಲ್ಲಾಗಲಿ, ಇಂಥ ಸತ್ತ ಮರದ ಸಡಿಲ ತೊಗಟೆಯ ಅಡಿ ಸೆಂಟಿಮೀಟರಿಗೂ ಕಿರಿದಾದ, ಉದ್ದನೆಯ ಕಂದು ಜೀರುಂಡೆ ಕಂಡರೆ, ಅದನ್ನು ಅಂಗಾತ ಮಲಗಿಸಿದಾಗ ಟಕ್ಕೆಂದು ಚಿಮ್ಮಿದರೆ, ಅದು ಬಹುಶಃ ಕ್ಲಿಕ್ ಜೀರುಂಡೆ, ಎಲಟೆರಿಡೆ ಕುಟುಂಬದ್ದು. ಎದೆಯ ಮುಂಭಾಗದ ಅಡಿಯಲ್ಲಿ ಅದಕ್ಕೊಂದು ಮುಳ್ಳಿದೆ. ಹಿಂದಿನ ಭಾಗದ ಕುಳಿಯ ಅಂಚಿಗೆ ಆ ಮುಳ್ಳನ್ನು ತಡೆಹಿಡಿದು, ಸ್ನಾಯುಗಳನ್ನು ಬಿಗಿದು, ಒಮ್ಮೆಲೇ ಜಾರಿಸಿದಾಗ ದೇಹ ಮೇಲಕ್ಕೆ ಹಾರುತ್ತದೆ. ಬಹುಶಃ ಎಂದು ಸುಮ್ಮನೆ ಅಂದದ್ದಲ್ಲ. ಇದರ ಹತ್ತಿರದ ಬಳಗವಾದ ಯೂಕ್ನೆಮಿಡೆಯ ಕೆಲವು ಜೀರುಂಡೆಗಳೂ ಹೀಗೆ ಚಿಮ್ಮುತ್ತವೆ. ಅವುಗಳ ತಲೆ ಕೆಳಕ್ಕೆ ಬಾಗಿರುತ್ತದೆ, ಮೇಲ್ದುಟಿ ಸಾಮಾನ್ಯವಾಗಿ ಹೊರಗೆ ಕಾಣುವುದಿಲ್ಲ. ಅಂದರೆ, ಸದ್ದೊಂದನ್ನೇ ನಂಬಿ ಹೆಸರಿಡಲಾಗದು.

ಮೊಬೈಲ್ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುವಾಗ ಇಷ್ಟೆಲ್ಲ ತಾಪತ್ರಯ ಯಾಕೆ ಎನ್ನುವವರಿದ್ದಾರೆ. ಆದರೆ ಆ್ಯಪ್ ಗುರುತಿಸುವುದು ಮೊದಲೇ ಸರಿಯಾಗಿ ಹೆಸರಿಸಿಟ್ಟ ಚಿತ್ರಗಳಲ್ಲಿರುವ ಜೀವಿಗಳನ್ನು ಮಾತ್ರ. ಜಗತ್ತಿನಲ್ಲಿ ಹೆಸರು ಪಡೆದ ಕ್ಲಿಕ್ ಜೀರುಂಡೆಗಳೇ ಸುಮಾರು 10,000 ಪ್ರಭೇದ. ಬೆಲ್ಜಿಯಂನ ಅರ್ನೆಸ್ಟ್ ಕಾಂಡೆಜ್ 1857ರಿಂದ 1863ರವರೆಗೆ ಇವುಗಳ ಮೇಲೆ ನಾಲ್ಕು ಸಂಪುಟ ಬರೆದ. ಅಲ್ಲಿ ಗುರುತಿನ ಆಧಾರ ಬೆನ್ನಿನ ಬಣ್ಣವಷ್ಟೇ ಅಲ್ಲ, ದೇಹದ ರಚನೆ. ಅಗ್ರಿಪ್ನಸ್‌ನ ಮೈಮೇಲೆ ಹುರುಪೆಗಳಿವೆ, ಮೀಸೆಗಳನ್ನು ಅಡಗಿಸಿಡಲು ಎದೆಯ ಅಡಿಯಲ್ಲಿ ತೋಡುಗಳಿವೆ. ಕಾರ್ಡಿಯೊಫೋರಸ್‌ಗೆ ರೆಕ್ಕೆಗಳ ಬುಡದಲ್ಲಿ ಹೃದಯದಾಕಾರದ ಪುಟ್ಟ ಫಲಕವಿದೆ. ಮೆಲನೋಟಸ್‌ನ ಉಗುರಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ. ಬೆನ್ನಿನ ಒಂದು ಫೋಟೊದಲ್ಲಿ ತೋಡೂ ಕಾಣದು, ಉಗುರೂ ಕಾಣದು. ಪ್ರಭೇದದ ಹೆಸರಿಗಂತೂ ಅನೇಕ ಸಲ ಗಂಡಿನ ಜನನಾಂಗವನ್ನೇ ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ.

ಹಾಗಾದರೆ ಹುಳುವನ್ನು ಕೊಲ್ಲದೆ ಜನಸಾಮಾನ್ಯರು ಏನೂ ಮಾಡುವಂತಿಲ್ಲವೇ? ಮಾಡಬಹುದು, ಅದೂ ಬಹಳ. ಪಾರದರ್ಶಕ ಡಬ್ಬಿಯಲ್ಲಿಟ್ಟು ಕೆಳಗಿನಿಂದ ಫೋಟೊ ತೆಗೆದರೆ ಹೊಟ್ಟೆಯ ಭಾಗ ಸಿಗುತ್ತದೆ, ಹುಳು ಜೀವಂತವಾಗಿಯೇ ಮರಳುತ್ತದೆ. ಯಾವ ಮರ, ಯಾವ ಊರು, ಯಾವ ದಿನ ಎಂಬ ಟಿಪ್ಪಣಿ ಜೊತೆಗಿದ್ದರೆ ಕುಲದ ಮಟ್ಟದ ಗುರುತೂ ಬೆಲೆಯುಳ್ಳ ದಾಖಲೆಯೇ. ಕುಟುಂಬದವರೆಗೆ ಮಾತ್ರ ಖಚಿತವಾದರೆ ಅಲ್ಲಿಗೇ ನಿಲ್ಲಿಸುವುದು ಸೋಲಲ್ಲ. ತಪ್ಪು ಪ್ರಭೇದದ ಹೆಸರು ಮುಂದಿನವರನ್ನೂ ದಾರಿ ತಪ್ಪಿಸುತ್ತದೆ. ತೊಗಟೆಯಡಿ ಬೆಳೆಯುವ ಕ್ಲಿಕ್ ಜೀರುಂಡೆಗಳ ಮರಿಹುಳುಗಳಲ್ಲಿ ಹಲವು, ಮರ ಕೊರೆಯುವ ಬೇರೆ ಹುಳುಗಳನ್ನೇ ತಿಂದು ಬದುಕುತ್ತವೆ. ಆದ್ದರಿಂದ ತೊಗಟೆಯನ್ನು ಕಿತ್ತೆಸೆಯಬೇಡಿ. ತುಸುವೇ ಎತ್ತಿ, ನೋಡಿ, ಇದ್ದ ಹಾಗೆಯೇ ಒತ್ತಿ ಬನ್ನಿ.