ಬಂಧನ ಅಂದರೆ ತೀರ್ಪಲ್ಲ: ಠಾಣೆಯ ದಾಖಲೆ ಓದಲು ಕಲಿಯೋಣ

‘ಹುಡುಗನನ್ನು ಪೊಲೀಸರು ಕೊಂಡುಹೋದ್ರಂತೆ’ ಎಂಬ ಸುದ್ದಿ ಮನೆಗೆ ಮುಟ್ಟುವ ಮೊದಲೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಮುಟ್ಟಿರುತ್ತದೆ. ಒಬ್ಬರು ಗಾಂಜಾ ಕೇಸ್ ಅಂತಾರೆ, ಇನ್ನೊಬ್ಬರು ಹೊಡೆದಾಟ ಅಂತಾರೆ, ಮೂರನೆಯವರು ಎಲ್ಲಿಯದೋ ಹಳೆ ಫೋಟೊ ಹಾಕಿಬಿಡ್ತಾರೆ. ಉಮ್ಮ ಅಳುತ್ತಾ ಕೂತಿರುತ್ತಾರೆ. ಗಲ್ಫ್‌ನಲ್ಲಿರುವ ಬಾಪನಿಂದ ಫೋನ್ ಮೇಲೆ ಫೋನ್. ಜಮಾಅತ್‌ನವರು ಪರಿಚಯದ ರಾಜಕಾರಣಿಯ ನಂಬರ್ ಹುಡುಕುತ್ತಾರೆ. ಈ ಗದ್ದಲದಲ್ಲಿ ಕೇಳಲೇಬೇಕಾದ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಯಾವ ಠಾಣೆ? ಅಪರಾಧ ಕ್ರಮಾಂಕ ಎಷ್ಟು? ಯಾವ ಕಲಂ?

ಈ ಮೂರಕ್ಕೂ ಉತ್ತರ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಯಲ್ಲೇ ಉಂಟು. ನಾನಿರುವುದು ಧಾರವಾಡದ ಸತ್ತೂರಿನಲ್ಲಿ. ಕರಾವಳಿಯ ನಮ್ಮ ಮಕ್ಕಳು ಓದಿಗೆ, ವ್ಯಾಪಾರಕ್ಕೆ ಈ ಕಡೆಗೂ ಬರುತ್ತಾರೆ. ಇಲ್ಲಿ ಒಬ್ಬನಿಗೆ ತೊಂದರೆಯಾದರೆ ಊರಿನಲ್ಲಿರುವ ಮನೆಯವರು ರಾತ್ರೋರಾತ್ರಿ ಬಸ್ ಹತ್ತಬೇಕು. ಬಸ್ ಹತ್ತುವ ಮೊದಲೇ ಮನೆಯಲ್ಲಿ ಕೂತು ಎಷ್ಟು ವಿಷಯ ತಿಳಿದುಕೊಳ್ಳಬಹುದು ಎಂದು ಹೇಳಲಿಕ್ಕಾಗಿ ಈ ಬರಹ.

ಠಾಣೆಯ ಬೋರ್ಡ್ ಮೇಲೆ ಹೆಸರು

ಬಂಧನ ಗುಟ್ಟಿನಲ್ಲಿ ನಡೆಯಬಾರದು ಎಂಬುದು ಕಾನೂನು. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ಹನ್ನೊಂದು ಕಟ್ಟಳೆ ಹಾಕಿತು. ಬಂಧನದ ದಿನ, ಗಂಟೆ ಬರೆದ ಮೆಮೊ ಇರಬೇಕು, ಅದಕ್ಕೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿಸಿದ 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬುವು ಅದರಲ್ಲಿ ಮುಖ್ಯವಾದವು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 37ನೇ ಕಲಂ ಇನ್ನೂ ಸ್ಪಷ್ಟ. ಪ್ರತಿ ಠಾಣೆಗೂ ಪ್ರತಿ ಜಿಲ್ಲೆಗೂ ಒಬ್ಬ ಅಧಿಕಾರಿಯನ್ನು ಇದಕ್ಕಾಗಿಯೇ ನೇಮಿಸಬೇಕು. ಅವರು ಎಎಸ್‌ಐ ದರ್ಜೆಗಿಂತ ಕೆಳಗಿನವರಾಗಿರಬಾರದು. ಬಂಧಿತರ ಹೆಸರು, ವಿಳಾಸ, ಆರೋಪ ಏನು ಎಂಬುದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಆದ್ದರಿಂದ ಠಾಣೆಗೆ ಹೋದವರು ‘ಸಾರ್, ಅರೆಸ್ಟ್ ಆದವರ ಪಟ್ಟಿ ಎಲ್ಲಿ ಉಂಟು?’ ಎಂದು ವಿನಯದಿಂದ ಕೇಳಬಹುದು. ಅದು ಉಪಕಾರ ಕೇಳಿದ ಹಾಗಲ್ಲ.

ಎಫ್‌ಐಆರ್ ಹುಡುಕುವುದು ಹೇಗೆ?

ಎಫ್‌ಐಆರ್ ಎಂದರೆ ಪ್ರಥಮ ವರ್ತಮಾನ ವರದಿ. ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಎಂದು 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಇಂಟರ್‌ನೆಟ್ ತೊಂದರೆ ಇದ್ದ ಕಡೆ 72 ಗಂಟೆವರೆಗೆ ವಿನಾಯಿತಿ. ಲೈಂಗಿಕ ದೌರ್ಜನ್ಯ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಹಾಕುವುದಿಲ್ಲ. ಆಗಲೂ ಆರೋಪಿಗೆ ಪ್ರತಿ ಪಡೆಯುವ ದಾರಿ ಇದೆ. ಠಾಣೆಗೆ ಅರ್ಜಿ ಕೊಡಬಹುದು, ಕೋರ್ಟಿಗೂ ಕೊಡಬಹುದು. ಕೋರ್ಟ್ ಎರಡು ಕೆಲಸದ ದಿನಗಳಲ್ಲಿ ಪ್ರತಿ ಕೊಡಬೇಕು.

ಕರ್ನಾಟಕ ರಾಜ್ಯ ಪೊಲೀಸರ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ವ್ಯವಸ್ಥೆ ಇದೆ. ಜಿಲ್ಲೆ, ಠಾಣೆ, ವರ್ಷ, ಕ್ರಮಾಂಕ ಗೊತ್ತಿದ್ದರೆ ಸಾಕು. ನಮ್ಮವರು ಎಡವುವುದು ‘ಜಿಲ್ಲೆ’ ಎಂಬ ಮೊದಲ ಮೆಟ್ಟಿಲಲ್ಲೇ. ಉಳ್ಳಾಲ, ಸುರತ್ಕಲ್, ಬಜ್ಪೆ, ಮುಲ್ಕಿ, ಮೂಡುಬಿದಿರೆ ಠಾಣೆಗಳು ಮಂಗಳೂರು ನಗರ ಕಮಿಷನರೇಟಿಗೆ ಸೇರಿದವು. ಬಂಟ್ವಾಳ, ವಿಟ್ಲ, ಪುತ್ತೂರು, ಉಪ್ಪಿನಂಗಡಿ, ಬೆಳ್ತಂಗಡಿ, ಸುಳ್ಯ ದಕ್ಷಿಣ ಕನ್ನಡ ಎಸ್‌ಪಿಯವರ ವ್ಯಾಪ್ತಿಗೆ. ಇಲ್ಲಿಯೂ ಹಾಗೆಯೇ. ಹುಬ್ಬಳ್ಳಿ, ಧಾರವಾಡ ನಗರಗಳು ಮತ್ತು ನಮ್ಮ ಸತ್ತೂರು ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನಲ್ಲಿ. ಕಲಘಟಗಿ, ಕುಂದಗೋಳ, ನವಲಗುಂದ, ಅಳ್ನಾವರ ಧಾರವಾಡ ಜಿಲ್ಲಾ ಪೊಲೀಸರ ಕೆಳಗೆ. ತಪ್ಪು ಜಿಲ್ಲೆಯಲ್ಲಿ ಹುಡುಕಿ ‘ಎಫ್‌ಐಆರೇ ಇಲ್ಲ, ಸುಮ್ಮನೆ ಹಿಡಿದಿದ್ದಾರೆ’ ಎಂದು ಗಲಾಟೆಗೆ ನಿಲ್ಲಬಾರದು.

ಕಲಂ ನೋಡಿ ಗಾಬರಿಯಾಗುವ ಮೊದಲು

ಎಫ್‌ಐಆರ್ ಸಿಕ್ಕಿತು ಎನ್ನಿ. ಅದರಲ್ಲಿ ‘302’ ಎಂದಿದೆ. ಮನೆಯವರ ಎದೆ ನಿಂತೇಹೋಗುತ್ತದೆ, ಕೊಲೆ ಕೇಸ್ ಅಂತ. ಸ್ವಲ್ಪ ತಡೆಯಿರಿ. 302 ಕೊಲೆಯಾಗಿದ್ದದ್ದು ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳುವುದು 103. ಹೊಸ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಆಡಿದ ಮಾತು. ಹಳೆ 420ರ ವಂಚನೆ ಈಗ 318. ಕಳವು 303. ಆದ್ದರಿಂದ ಅಂಕಿಯ ಪಕ್ಕದಲ್ಲಿ ಐಪಿಸಿ ಇದೆಯೋ ಬಿಎನ್‌ಎಸ್ ಇದೆಯೋ ನೋಡಿ. ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದ್ದಾದರೆ ಹಳೆ ಅಂಕಿಯೇ ಇರುತ್ತದೆ.

ಇನ್ನೊಂದು ಕಾಗದವನ್ನೂ ಜನ ತಪ್ಪು ತಿಳಿಯುತ್ತಾರೆ. ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಬಂದರೆ ಅದು ಬಂಧನವಲ್ಲ, ವಿಚಾರಣೆಗೆ ಬಾ ಎಂಬ ಕರೆ. ಹೆದರಿ ಊರು ಬಿಟ್ಟರೆ ಮಾತ್ರ ಅದು ಬಂಧನಕ್ಕೆ ದಾರಿಯಾಗಬಹುದು. ವಕೀಲರನ್ನು ಕಂಡು, ಹೇಳಿದ ದಿನ ಹಾಜರಾಗುವುದೇ ಸರಿ.

ಮೊದಲ 24 ಗಂಟೆ

ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ಸಂವಿಧಾನದ 22ನೇ ವಿಧಿಯೇ ಇದನ್ನು ಹೇಳುತ್ತದೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಕ್ಷಣ ಆಗದಿದ್ದರೂ ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂಧಿತ ಹೇಳಿದ ಒಬ್ಬ ಸಂಬಂಧಿಗೋ ಸ್ನೇಹಿತನಿಗೋ ಪೊಲೀಸರು ತಿಳಿಸಬೇಕು. ತೀರಾ ಅನಿವಾರ್ಯವಲ್ಲದೆ ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ಹಾಗೆ ಬಂಧಿಸಬೇಕಾದರೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವನ್ನು ವಿಚಾರಿಸಿ. ಸಹಾಯವಾಣಿ 15100.

ಕೇಸ್ ಮುಗಿಯಿತೆಂದು ಕೋರ್ಟೇ ಹೇಳಬೇಕು

ಎಫ್‌ಐಆರ್ ಎಂದರೆ ದೂರು. ಬಂಧನ ಎಂದರೆ ತನಿಖೆಯ ಒಂದು ಹಂತ. ದೋಷಾರೋಪಣೆ ಪಟ್ಟಿ ಎಂದರೆ ಪೊಲೀಸರ ವಾದ. ತೀರ್ಪು ಕೊಡುವುದು ನ್ಯಾಯಾಧೀಶರು. ಸಾಕ್ಷ್ಯವಿಲ್ಲ ಅಥವಾ ದೂರು ಸುಳ್ಳು ಎಂದಾದರೆ ಪೊಲೀಸರೇ ‘ಬಿ ರಿಪೋರ್ಟ್’ ಹಾಕುವುದೂ ಉಂಟು. ಇದೆಲ್ಲ ಎಲ್ಲಿಗೆ ಬಂತು ಎಂಬುದನ್ನು ಇ-ಕೋರ್ಟ್ಸ್ ಸೇವೆಯಲ್ಲಿ ಎಫ್‌ಐಆರ್ ಕ್ರಮಾಂಕ, ಪಕ್ಷಗಾರರ ಹೆಸರು ಅಥವಾ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಬಹುದು. ‘ಪೆಂಡಿಂಗ್’ ಎಂದರೆ ಇನ್ನೂ ಬಾಕಿ. ‘ಡಿಸ್ಪೋಸ್ಡ್’ ಎಂದಿದ್ದರೆ ಅಲ್ಲಿಗೇ ನಿಲ್ಲಿಸದೆ, ಖುಲಾಸೆಯೋ ಶಿಕ್ಷೆಯೋ ಎಂದು ಮುಂದೆ ಓದಬೇಕು.

ಇದು ಯಾಕೆ ಮುಖ್ಯ ಎನ್ನುವುದಕ್ಕೆ ಹುಬ್ಬಳ್ಳಿಯ ಎರಡು ಪ್ರಕರಣ ಸಾಕು. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಎದುರು ಗಲಭೆಯಾಗಿ ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. 2024ರ ಅಕ್ಟೋಬರ್‌ನಲ್ಲಿ ಸರಕಾರ ಆ ಪ್ರಕರಣವೂ ಸೇರಿ 43 ಕೇಸ್ ಹಿಂಪಡೆಯಲು ತೀರ್ಮಾನಿಸಿದಾಗ, ‘ಕೇಸ್ ಹೋಯಿತು’ ಎಂದು ಪೇಪರ್ ಓದಿದವರು ಅಂದುಕೊಂಡರು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು.

ಎರಡನೆಯದು ಇನ್ನೂ ಹಳತು. 1992ರ ಗಲಭೆ ಪ್ರಕರಣದಲ್ಲಿ ಹುಬ್ಬಳ್ಳಿಯ ಒಬ್ಬರನ್ನು 2023ರ ಡಿಸೆಂಬರ್ ಕೊನೆಗೆ, 31 ವರ್ಷಗಳ ನಂತರ, ಪೊಲೀಸರು ಬಂಧಿಸಿದರು. ಅವರು ನಮ್ಮವರಲ್ಲ, ಹಿಂದೂ ಸಹೋದರ. ರಾಜ್ಯವೆಲ್ಲ ರಾಜಕೀಯ ಎದ್ದಿತು. ಜನವರಿ ಮೊದಲ ವಾರದಲ್ಲಿ ಜಾಮೀನು ಸಿಕ್ಕಿತು. ರಾಜಕೀಯ ಬದಿಗಿಟ್ಟು ನೋಡಿದರೆ ಪಾಠ ಎಲ್ಲ ಜಾತಿ ಧರ್ಮದವರಿಗೂ ಒಂದೇ. ಮನುಷ್ಯ ಮರೆತರೂ ಕಡತ ಮರೆಯುವುದಿಲ್ಲ. ಮನೆಯಲ್ಲಿ ಯಾರ ಮೇಲಾದರೂ ಹಳೆ ಕೇಸ್ ಇದ್ದರೆ ಅದರ ಗತಿ ಏನಾಯಿತೆಂದು ಇವತ್ತೇ ನೋಡಿ. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ತೆಗೆದು, ಆಧಾರ್, ಪಾಸ್‌ಪೋರ್ಟ್ ಇಡುವ ಕವರಿನಲ್ಲೇ ಇಡಿ.

ಗಲ್ಫಿಗೆ ಹೋಗುವವರಿಗೆ ಇದು ಇನ್ನೂ ಅಗತ್ಯ. ಪಾಸ್‌ಪೋರ್ಟಿಗೂ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ ವೆರಿಫಿಕೇಶನ್ ನಡೆಯುತ್ತದೆ. ಕೋರ್ಟಿನಲ್ಲಿ ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟ್ ತಡೆಯಾಗಬಹುದು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 1993ರ ಆಗಸ್ಟ್ 25ರ ಕೇಂದ್ರ ಸರಕಾರದ ಅಧಿಸೂಚನೆಯಂತೆ, ಆ ಕೋರ್ಟಿನ ಅನುಮತಿ ತಂದರೆ ನಿರ್ದಿಷ್ಟ ಅವಧಿಗೆ ಪಾಸ್‌ಪೋರ್ಟ್ ಕೊಡಬಹುದು. ‘ಏಜೆಂಟ್ ಹೇಳಿದ, ಕೇಸ್ ಇಲ್ಲ ಅಂತ ಬರೆದೆ’ ಎಂದು ಮಾಹಿತಿ ಮುಚ್ಚಿಟ್ಟರೆ ಅದೇ ಇನ್ನೊಂದು ಅಪರಾಧವಾಗುತ್ತದೆ.

ಒಂದೇ ಹೆಸರಿನ ಹತ್ತು ಜನ

ಈಗ ನಿಕಾಹ್ ಮಾತುಕತೆಗೆ ಮೊದಲು ಕೆಲವರು ಹುಡುಗನ ಹೆಸರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡುತ್ತಾರೆ. ವಿಚಾರಿಸುವುದು ತಪ್ಪಲ್ಲ. ಆದರೆ ನಮ್ಮ ಹೆಸರುಗಳನ್ನು ಒಮ್ಮೆ ಯೋಚಿಸಿ. ಒಂದೇ ಮೊಹಲ್ಲಾದಲ್ಲಿ ಎಷ್ಟು ಮುಹಮ್ಮದ್, ಎಷ್ಟು ಇಬ್ರಾಹಿಂ, ಎಷ್ಟು ಅಬ್ದುಲ್ ಖಾದರ್! ದಾಖಲೆಯಲ್ಲಿ ಒಂದು ಕಡೆ ಮಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್. ಹೆಸರು ಕಂಡಿತು ಎಂದು ಸಂಬಂಧ ಮುರಿದರೆ ಆ ಹುಡುಗ ಮಾಡದ ತಪ್ಪಿಗೆ ಬೆಲೆ ತೆರುತ್ತಾನೆ. ತಂದೆಯ ಹೆಸರು, ವಯಸ್ಸು, ವಿಳಾಸ ಮೂರೂ ಸೇರಬೇಕು. ಸೇರಿದ ಮೇಲೂ ಮೊದಲು ಆ ಮನೆಯವರನ್ನೇ ನೇರವಾಗಿ ಕೇಳಿ. ಪಕ್ಕದ ಮನೆಯ ಜಗಲಿಯಲ್ಲಿ ಆ ಮಾತು ಎತ್ತಬೇಡಿ.

ಅಮೆರಿಕದ ಅನೇಕ ಕೌಂಟಿಗಳಲ್ಲಿ ಜೈಲಿಗೆ ಬಂದವರ ಪಟ್ಟಿ ಫೋಟೊ ಸಮೇತ ಇಂಟರ್‌ನೆಟ್ಟಿಗೆ ಹೋಗುತ್ತದೆ. ಆ ಫೋಟೊಗಳನ್ನು ಇಟ್ಟುಕೊಂಡು, ತೆಗೆಯಲು ಹಣ ಕೇಳುವ ಖಾಸಗಿ ವೆಬ್‌ಸೈಟುಗಳೂ ಅಲ್ಲಿ ಹುಟ್ಟಿಕೊಂಡವು. ನಮ್ಮಲ್ಲಿ ಅಂಥ ಕೆಲಸವನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳೇ ಪುಕ್ಕಟೆ ಮಾಡುತ್ತಿವೆ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಂತೂ ಎಚ್ಚರವಿರಲಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಾಧ್ಯಮಗಳಲ್ಲಿ ಅವರ ಹೆಸರು, ಫೋಟೊ, ಶಾಲೆ, ವಿಳಾಸ ಹೊರಗೆ ಬರಬಾರದು. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ.

ದೀನ್ ಈ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು, ಗುಮಾನಿ ಮತ್ತು ಪರನಿಂದೆಯಿಂದ ದೂರ ಇರಬೇಕು ಎಂಬ ಎರಡು ಆದೇಶಗಳೂ ಸೂರಃ ಅಲ್ ಹುಜುರಾತ್‌ನಲ್ಲಿವೆ. ಪುರಾವೆ ಕೊಡುವ ಹೊಣೆ ಆರೋಪ ಮಾಡಿದವನದ್ದು ಎಂಬುದು ಫಿಕ್‌ಹ್‌ನ ಮೂಲ ನಿಯಮ. ಹಾಗಂತ ತಪ್ಪು ಮಾಡಿದವನನ್ನು ಸಮುದಾಯ ಬೆನ್ನು ಕಟ್ಟಿ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಮಾದಕ ವಸ್ತು ಮಾರಿದವನಿಗೆ ಶಿಕ್ಷೆ ಆಗಲಿ, ಕೋರ್ಟಿನಿಂದ ಆಗಲಿ.

ಪ್ರತಿ ಜಮಾಅತ್ ಒಂದು ಸಣ್ಣ ಕೆಲಸ ಮಾಡಬಹುದು. ಕಂಪ್ಯೂಟರ್ ತಿಳಿದ ಇಬ್ಬರು ಯುವಕರು, ಒಬ್ಬ ವಕೀಲರು, ಹೆಂಗಸರು ಮುಜುಗರವಿಲ್ಲದೆ ಮಾತಾಡಬಹುದಾದ ಒಬ್ಬ ಸಹೋದರಿ, ಇಷ್ಟು ಜನರ ನಂಬರ್ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಇರಲಿ. ರಾತ್ರಿ ಯಾವುದಾದರೂ ಮನೆಯಿಂದ ಫೋನ್ ಬಂದರೆ ಅವರು ಮೊದಲು ಎಫ್‌ಐಆರ್ ತೆಗೆದು ಓದಿ ಹೇಳಲಿ. ಅಲ್ಲಿವರೆಗೆ ಗುಂಪಿನಲ್ಲಿ ಬಂದ ಫೋಟೊವನ್ನು ಯಾರೂ ಮುಂದೆ ಕಳಿಸದಿರಲಿ.