ಮನೆಯಂಗಳದಲ್ಲಿ ಕಾಯ್ಲೋವರ್

ಕಾರಿನ ಚಕ್ರಕ್ಕೂ ಬಾಡಿಗೂ ನಡುವೆ ಎರಡು ಭಾಗಗಳು ಬೇರೆ ಬೇರೆ ಕೆಲಸ ಮಾಡುತ್ತವೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ, ಗುಂಡಿ ಬಂದಾಗ ಕುಗ್ಗಿ ಹಿಗ್ಗುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಕಾರು ಜೋಕಾಲಿಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ ಕುಣಿತವನ್ನು ಒಂದೆರಡು ಸುತ್ತಿನಲ್ಲೇ ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ತೂರಿಸುತ್ತ, ಕುಣಿತದ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುತ್ತದೆ. ಏಟನ್ನು ತಿನ್ನುವುದು ಸ್ಪ್ರಿಂಗ್, ಹೆಸರು ಹೊತ್ತಿರುವುದು ಮಾತ್ರ ಶಾಕ್ ಅಬ್ಸಾರ್ಬರ್.

ಇವೆರಡನ್ನೂ ಒಂದರ ಸುತ್ತ ಇನ್ನೊಂದಾಗಿ ಕೂರಿಸಿದ ಜೋಡಿಯೇ ಕಾಯ್ಲೋವರ್. ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗ್ ಇರುವುದರಿಂದ ಈ ಹೆಸರು. ಆ ಲೆಕ್ಕದಲ್ಲಿ ಇಂದಿನ ಬಹುಪಾಲು ಕಾರುಗಳ ಮುಂದಿನ ಚಕ್ರಗಳಲ್ಲಿ ಕಾರ್ಖಾನೆಯಿಂದಲೇ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಅಂಥ ಜೋಡಿ ಇರುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಸ್ಟ್ರಟ್ 1950ರ ಹೊತ್ತಿಗೆ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ರಸ್ತೆಗಿಳಿಯಿತು. ಆದರೆ ಬಿಡಿಭಾಗಗಳ ಮಾರುಕಟ್ಟೆಯಲ್ಲಿ, ಕಾರುಪ್ರಿಯರ ಮಾತಿನಲ್ಲಿ ಕಾಯ್ಲೋವರ್ ಎಂದರೆ ಎತ್ತರ ಹೊಂದಿಸಬಹುದಾದ ಬಗೆ ಮಾತ್ರ. ಅದರ ಕೊಳವೆಯ ಹೊರಮೈಗೆ ತಿರುಪಿನ ಮರೆ ಕೊರೆದಿರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆ ಆ ಮರೆಯ ಮೇಲೆ ದೊಡ್ಡ ನಟ್ಟಿನಂತೆ ತಿರುಗುತ್ತದೆ. ತಟ್ಟೆ ಇಳಿಸಿದರೆ ಕಾರು ಇಳಿಯುತ್ತದೆ, ಏರಿಸಿದರೆ ಏರುತ್ತದೆ. ಅದು ಜಾರದಂತೆ ಕೆಳಗೊಂದು ಲಾಕ್ ರಿಂಗ್. ತುಸು ದುಬಾರಿ ಸೆಟ್‌ಗಳಲ್ಲಿ ತುದಿಗೊಂದು ಗುಬ್ಬಿ ಇದ್ದು, ಅದನ್ನು ಟಿಕ್ ಟಿಕ್ ಎಂದು ತಿರುಗಿಸಿ ಎಣ್ಣೆಯ ಹರಿವನ್ನು ಬಿಗಿ ಅಥವಾ ಸಡಿಲ ಮಾಡಬಹುದು. ಜರ್ಮನಿಯ ಬಿಲ್‌ಸ್ಟೈನ್ ಮತ್ತು ಕೆಡಬ್ಲ್ಯೂ, ಸ್ವೀಡನ್ನಿನ ಓಲಿನ್ಸ್, ಜಪಾನಿನ ಟೈನ್, ತೈವಾನಿನ ಬಿಸಿ ರೇಸಿಂಗ್ ಈ ಪೇಟೆಯ ಪರಿಚಿತ ಹೆಸರುಗಳು.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಆ ತಟ್ಟೆಯ ಬಗ್ಗೆಯೇ. ಅದನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಗ್ಯಾರೇಜಿನವರೂ ಹೇಳುವುದುಂಟು. ಲೆಕ್ಕ ಬೇರೆ ಹೇಳುತ್ತದೆ. ಸುಮಾರು 900 ಕಿಲೋ ತೂಗುವ ಸಣ್ಣ ಕಾರಿನ ಮುಂದಿನ ಒಂದು ಮೂಲೆಗೆ 280 ಕಿಲೋ ಭಾರ ಬೀಳುತ್ತದೆ ಎನ್ನೋಣ. ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು 4 ಕಿಲೋ ಬೇಕಾದರೆ, ಕಾರು ನಿಂತಾಗ ಅದು 70 ಮಿ.ಮೀ. ಕುಗ್ಗಿರುತ್ತದೆ. ತಟ್ಟೆಯನ್ನು 10 ಮಿ.ಮೀ. ಏರಿಸಿದರೂ ಭಾರ ಅದೇ 280 ಕಿಲೋ, ಆದ್ದರಿಂದ ಕುಗ್ಗುವುದೂ ಅದೇ 70. ಕಾರು 10 ಮಿ.ಮೀ. ಮೇಲೇಳುತ್ತದೆ, ಅಷ್ಟೇ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಲೆಕ್ಕದಿಂದ ಬಂದದ್ದು. ಪಾನಾ ತಿರುಗಿಸಿ ಅದನ್ನು ಬದಲಿಸಲಾಗದು. ಬದಲಾಗುವುದು ಚಕ್ರ ಕೆಳಗೆ ಮೇಲೆ ಚಲಿಸಲು ಉಳಿಯುವ ಜಾಗ. ತೀರಾ ಇಳಿಸಿದ ಕಾರು ಸಣ್ಣ ಗುಂಡಿಗೂ ದಡ್ ಎಂದರೆ ಬೈಗುಳ ಸ್ಪ್ರಿಂಗಿಗೆ ಬೀಳುತ್ತದೆ. ನಿಜವಾಗಿ ಅಲ್ಲಿ ಶಾಕ್ ಅಬ್ಸಾರ್ಬರಿನ ದಂಡ ಕೆಳಗಿಳಿದು ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿನ ಮೇಲೆ ಕೂತಿರುತ್ತದೆ. ಇದಕ್ಕೆ ಪರಿಹಾರವಾಗಿ ಕೆಲವು ಸೆಟ್‌ಗಳಲ್ಲಿ ಕೊಳವೆಯ ಬುಡವನ್ನೇ ಉದ್ದ ಗಿಡ್ಡ ಮಾಡಬಹುದು. ಆಗ ಸ್ಪ್ರಿಂಗಿನ ಹಿಡಿತವನ್ನಾಗಲಿ ಚಲನೆಯ ಜಾಗವನ್ನಾಗಲಿ ಮುಟ್ಟದೆ ಎತ್ತರ ಬದಲಾಗುತ್ತದೆ. ಹಣ ಹಾಕುವುದಾದರೆ ಬಣ್ಣಕ್ಕೂ ಹೆಸರಿಗೂ ಮೊದಲು ಈ ಒಂದು ಅನುಕೂಲ ನೋಡಬೇಕು.

ಮಾರುತಿ ಸ್ವಿಫ್ಟ್‌ನಂಥ ಕಾರಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬಹುದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ. ಅಂದರೆ ನಾಲ್ಕು ಕಾಯ್ಲೋವರ್ ಎಂದು ಕೊಂಡ ಪೆಟ್ಟಿಗೆಯಲ್ಲಿ ನಿಜವಾದ ಕಾಯ್ಲೋವರ್ ಎರಡೇ. ಹಿಂದಿನ ಎರಡಕ್ಕೆ ಸ್ಪ್ರಿಂಗು, ಅದರ ಕೆಳಗೋ ಮೇಲೋ ಕೂರುವ ಮರೆಯ ಅಡ್ಜಸ್ಟರ್ ಮತ್ತು ಬಿಡಿ ಶಾಕ್ ಅಬ್ಸಾರ್ಬರ್ ಬರುತ್ತವೆ.

ಕೆಲಸದ ಮೊದಲ ಸಲಕರಣೆ ಪಾನಾ ಅಲ್ಲ, ಅಳತೆಯ ಟೇಪು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಎಂದು ಬರೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆಯಾದಾಗ ಲೆಕ್ಕ ತಪ್ಪುತ್ತದೆ. ಹಿಂದಿನ ರಾತ್ರಿಯೇ ಕೆಳಗಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಮರುದಿನದ ಅರ್ಧ ಶ್ರಮ ಉಳಿಯುತ್ತದೆ. ಮಂಗಳೂರು, ಕಾರವಾರದ ಕಡಲಗಾಳಿ ತಿಂದ ಕಾರಾದರೆ ಎರಡು ರಾತ್ರಿ ಬೇಕಾದೀತು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಆಮೇಲೆ ಜಾಕ್ ಕೊಟ್ಟು ಎತ್ತಿ, ಬಾಡಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟು ಭಾರವನ್ನು ಅದರ ಮೇಲೆ ಕೂರಿಸಬೇಕು. ಕಾರಿನ ಜೊತೆ ಬಂದ ಜಾಕ್ ಪಂಕ್ಚರಿಗೆ ಸರಿ, ಅದನ್ನು ನಂಬಿ ಕಾರಿನ ಕೆಳಗೆ ಕೈ ತಲೆ ಹಾಕುವಂತಿಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಮುನ್ಸೂಚನೆ ಕೊಡದೆ ಸೀಳುತ್ತವೆ. ಅವು ಬೇಡವೇ ಬೇಡ. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ತಳ್ಳಿಟ್ಟರೆ ಸ್ಟ್ಯಾಂಡ್ ಜಾರಿದರೂ ಜೀವ ಉಳಿಯಬಹುದು.

ಮುಂದಿನ ಸ್ಟ್ರಟ್‌ಗೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ಪುಗಳು ಅಂಟಿಕೊಂಡಿರುತ್ತವೆ. ಮೊದಲು ಅವನ್ನು ಬಿಡಿಸಬೇಕು. ನಂತರ ಲಿಂಕ್ ರಾಡ್. ಅದರ ನಟ್ಟು ತಿರುಗಿಸಿದರೆ ಒಳಗಿನ ಬೋಲ್ಟೂ ಕೂಡಿಯೇ ತಿರುಗಿ ಸತಾಯಿಸುತ್ತದೆ. ತುದಿಯಲ್ಲಿರುವ ಆರು ಮೂಲೆಯ ಕುಳಿಗೆ ಆಲನ್ ಕೀ ತೂರಿಸಿ ಹಿಡಿದರೆ ಬರುತ್ತದೆ. ಸ್ಟ್ರಟ್ಟಿನ ಬುಡದಲ್ಲಿ ಅದನ್ನು ಚಕ್ರ ಹೊತ್ತಿರುವ ನಕಲ್ ಎಂಬ ಭಾಗಕ್ಕೆ ಜೋಡಿಸುವ ಎರಡು ದಪ್ಪ ಬೋಲ್ಟುಗಳಿವೆ. ಇವನ್ನು ಕಳಚಿದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಬಾಡಿಗೆ ಕಟ್ಟಿ ನಿಲ್ಲಿಸದಿದ್ದರೆ ಇಡೀ ಭಾರ ಬ್ರೇಕ್ ಹೋಸಿನ ಮೇಲೆ ಬೀಳುತ್ತದೆ, ಡ್ರೈವ್ ಶಾಫ್ಟಿನ ಜಾಯಿಂಟೂ ಕಿತ್ತು ಬರಬಹುದು. ಕೊನೆಗೆ ಬಾನೆಟ್ ತೆರೆದು ಮೇಲಿನ ಮೌಂಟಿನ ಅಂಚಿನ ನಟ್ಟುಗಳನ್ನು ಬಿಚ್ಚಿದರೆ ಸ್ಟ್ರಟ್ ಕೈಗೆ ಬರುತ್ತದೆ.

ಆದರೆ ಆ ಮೌಂಟಿನ ನಟ್ಟ ನಡುವೆ ಇನ್ನೊಂದು ನಟ್ಟಿದೆ. ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೊಂದೇ. ಸ್ಟ್ರಟ್ ಹೊರಬಂದ ಮೇಲೂ ಸ್ಪ್ರಿಂಗ್ ಪೂರ್ತಿ ಹಿಗ್ಗಿರುವುದಿಲ್ಲ. ಆ ನಟ್ಟು ಕಳಚಿದರೆ ಮೌಂಟು, ಸ್ಪ್ರಿಂಗು ಎರಡೂ ಗುಂಡಿನಂತೆ ಹಾರುತ್ತವೆ. ಈ ಇಡೀ ಕೆಲಸದಲ್ಲಿ ಪ್ರಾಣಕ್ಕೆ ಅಪಾಯವಿರುವ ಜಾಗಗಳು ಎರಡು: ಎತ್ತಿ ನಿಲ್ಲಿಸಿದ ಕಾರು ಒಂದು, ಈ ನಟ್ಟು ಇನ್ನೊಂದು. ಹೊಸ ಸೆಟ್‌ನ ಜೊತೆ ಮೇಲಿನ ಮೌಂಟೂ ಬಂದಿದ್ದರೆ ಹಳೆಯದನ್ನು ಬಿಚ್ಚುವ ಪ್ರಮೇಯವೇ ಇಲ್ಲ, ಇದ್ದಂತೆ ಎತ್ತಿಟ್ಟರಾಯಿತು. ಬಂದಿಲ್ಲದಿದ್ದರೆ ಹಳೆಯ ಮೌಂಟನ್ನು ಬಿಡಿಸಲು ಸ್ಪ್ರಿಂಗ್ ಕಂಪ್ರೆಸರ್ ಬೇಕು. ಅದರ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಇದಕ್ಕೆ ನಾಲ್ಕು ಸುತ್ತು ಅದಕ್ಕೆ ನಾಲ್ಕು ಸುತ್ತು ಎಂದು ಕೈಯಿಂದಲೇ ಬಿಗಿಸಬೇಕು. ಮೊದಲ ಬಾರಿಗೆ ಮಾಡುವವರು ಈ ಹಂತವನ್ನು ಹತ್ತಿರದ ಗ್ಯಾರೇಜಿಗೆ ಬಿಡುವುದೇ ಲೇಸು. ಕೊಡುವ ಕೂಲಿ ಏನೂ ಹೆಚ್ಚಲ್ಲ.

ಹೊಸದನ್ನು ಕೂರಿಸುವುದು ಬಿಚ್ಚಿದ್ದರ ತಿರುಗುಮುರುಗು. ಮೇಲಿನ ನಟ್ಟುಗಳನ್ನು ಬೆರಳಲ್ಲಿ ಹತ್ತಿಸಿ, ಕೆಳಗಿನ ಬೋಲ್ಟುಗಳನ್ನು ತೂರಿಸಿ, ಆಮೇಲೆ ಟಾರ್ಕ್ ವ್ರೆಂಚಿನಿಂದ ಸರ್ವಿಸ್ ಮ್ಯಾನ್ಯುವಲ್ ಹೇಳಿದಷ್ಟು ಬಿಗಿಸಬೇಕು. ಬ್ರೇಕ್ ಹೋಸನ್ನು ಹೊಸ ಬ್ರಾಕೆಟ್‌ಗೆ ಸಿಕ್ಕಿಸಿ, ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿ ನೋಡಬೇಕು. ಹೋಸು ಎಲ್ಲಿಯೂ ಎಳೆಯಬಾರದು, ಟೈರಿಗೆ ತಾಗಬಾರದು.

ಹಿಂದಿನ ಚಕ್ರಗಳ ಕೆಲಸ ಹಗುರ. ಬೀಮಿಗೆ ಜಾಕ್ ಕೊಟ್ಟು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟುಗಳನ್ನು ಬಿಚ್ಚಿ, ಜಾಕನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಸಡಿಲಗೊಂಡು ಕೈಗೇ ಬರುತ್ತದೆ. ಬ್ರೇಕ್ ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್ಲು ಎಳೆಯುವಷ್ಟು ಇಳಿಸದಂತೆ ಒಬ್ಬರು ಕಣ್ಣಿಟ್ಟಿರಬೇಕು. ಸ್ಪ್ರಿಂಗ್ ಚಕ್ರದ ನಡುವಿಗಿಂತ ಮುಂದೆ ಕೂರುವ ಕಾರುಗಳಲ್ಲಿ ಅಡ್ಜಸ್ಟರನ್ನು 10 ಮಿ.ಮೀ. ಸರಿಸಿದರೆ ಕಾರು ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ ಎಂಬುದೂ ನೆನಪಿರಲಿ.

ಅನುಭವಿ ಮೆಕ್ಯಾನಿಕ್‌ಗಳೂ ಅವಸರದಲ್ಲಿ ಬಿಡುವ ಹಂತವೊಂದಿದೆ. ಸಸ್ಪೆನ್ಷನ್ನಿನ ಬೋಲ್ಟುಗಳು ಹಾಯುವ ಬುಷ್‌ಗಳಲ್ಲಿ ರಬ್ಬರು ಒಳಗಿನ ಉಕ್ಕಿನ ಕೊಳವೆಗೆ ಬೆಸೆದುಕೊಂಡಿರುತ್ತದೆ. ಬೋಲ್ಟು ಬಿಗಿದಾಗ ಆ ಕೊಳವೆ ಅಲ್ಲಾಡದೆ ನಿಲ್ಲುತ್ತದೆ, ಚಲನೆಯೆಲ್ಲ ರಬ್ಬರಿನ ತಿರುಚುವಿಕೆಯಿಂದಲೇ ನಡೆಯುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿಸಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಇಂಥ ಬೋಲ್ಟುಗಳ ಕೊನೆಯ ಬಿಗಿತವನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ ಕೊಡಬೇಕು. ಇಲ್ಲವೇ ಜಾಕಿನಿಂದ ಚಕ್ರದ ಬದಿಯನ್ನು ಓಡಾಟದ ಎತ್ತರಕ್ಕೆ ಎತ್ತಿ ಕೊಡಬೇಕು.

ಇನ್ನು ಎತ್ತರ ಎಷ್ಟಿರಬೇಕು? ಇಳಿಸಿದಷ್ಟೂ ತಿರುವಿನಲ್ಲಿ ಕಾರು ಚೆನ್ನಾಗಿ ಕೂರುತ್ತದೆ ಎಂಬುದು ಅರ್ಧ ಸತ್ಯ. ಭಾರದ ಕೇಂದ್ರ ಕೆಳಗಿಳಿಯುವುದು ನಿಜ. ಆದರೆ ಮ್ಯಾಕ್‌ಫರ್ಸನ್ ಜೋಡಣೆಯಲ್ಲಿ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲಕ್ಕೆ ಹೋಗುವಷ್ಟು ಇಳಿಸಿದರೆ, ಕಾರು ವಾಲುವ ಕೇಂದ್ರ ಅದಕ್ಕಿಂತಲೂ ವೇಗವಾಗಿ ಇಳಿದು ಬಾಡಿ ವಾಲುವುದು ಹೆಚ್ಚಾಗುತ್ತದೆ. ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರೂ ಹೊಂದಿಸಬಹುದಾದ ಸಸ್ಪೆನ್ಷನ್ನನ್ನೇ ಹಾಕಿಸುತ್ತಾರೆ, ಕಾರನ್ನು ಎತ್ತರಿಸಿಕೊಂಡು.

ರಸ್ತೆಯುಬ್ಬಿನ ಲೆಕ್ಕವೂ ಸ್ವಾರಸ್ಯದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಇರುವ ಕಾರು ಅದರ ನಟ್ಟ ನಡುವೆ ನಿಂತಾಗ ನಾಲ್ಕೂ ಚಕ್ರಗಳು ಉಬ್ಬಿನ ಮೇಲೆಯೇ ಇರುವುದರಿಂದ ಹೊಟ್ಟೆಯಡಿಗೆ ಎದ್ದು ನಿಲ್ಲುವುದು ಸುಮಾರು ನಾಲ್ಕೂವರೆ ಸೆಂ.ಮೀ.ಯಷ್ಟೇ. ನಿಯಮದ ಉಬ್ಬು ತಗ್ಗಿಸಿದ ಕಾರಿಗೂ ಶತ್ರುವಲ್ಲ. ಶತ್ರು ಬಡಾವಣೆಯವರು ರಾತ್ರೋರಾತ್ರಿ ಹಾಕುವ ಒಂದು ಅಡಿ ಅಗಲದ ದಿಣ್ಣೆ. ಅದು ತನ್ನ ಪೂರ್ತಿ ಎತ್ತರದಿಂದ ಸೈಲೆನ್ಸರಿಗೆ ಬಡಿಯುತ್ತದೆ. ಐದು ಜನ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆ. ದಿನಬಳಕೆಯ ಕಾರನ್ನು 15-20 ಮಿ.ಮೀ.ಗಿಂತ ಹೆಚ್ಚು ಇಳಿಸುವುದು ಇಲ್ಲಿನ ರಸ್ತೆಗಳಿಗೆ ಹೊಂದದ ಶೋಕಿ.

ಎಡಬಲ ಎತ್ತರ ಸರಿಹೊಂದಿಸಿ, ಲಾಕ್ ರಿಂಗುಗಳನ್ನು ಸಿ-ಸ್ಪ್ಯಾನರಿನಿಂದ ಬಿಗಿದ ಮೇಲೆ ಕಾರನ್ನು ನೂರಿನ್ನೂರು ಕಿಲೋಮೀಟರ್ ಓಡಿಸಬೇಕು. ಹೊಸ ಸ್ಪ್ರಿಂಗುಗಳು ಕೆಲವು ಮಿ.ಮೀ. ಕೂತುಕೊಳ್ಳುತ್ತವೆ. ಆಮೇಲೆ ಮತ್ತೆ ಅಳೆದು, ಎಲ್ಲ ಬೋಲ್ಟುಗಳ ಬಿಗಿತ ನೋಡಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಎತ್ತರ ಬದಲಾದರೆ ಚಕ್ರಗಳು ಒಳಮುಖವೋ ಹೊರಮುಖವೋ ತಿರುಗುವ ಟೋ ಕೋನವೂ, ವಾಲುವ ಕ್ಯಾಂಬರ್ ಕೋನವೂ ಬದಲಾಗುತ್ತವೆ. ಅಲೈನ್‌ಮೆಂಟ್ ಬಿಟ್ಟವರ ಟೈರಿನ ಒಳ ಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಬೋಳಾಗುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಹೆಡ್‌ಲೈಟಿನ ದಿಕ್ಕನ್ನೂ ಸರಿಪಡಿಸಬೇಕು. ಗುಬ್ಬಿಯ ಟಿಕ್ಕುಗಳನ್ನು ಪೂರ್ತಿ ಬಿಗಿಯಿಂದ ಹಿಂದಕ್ಕೆ ಎಣಿಸುತ್ತ, ಎಡಬಲಕ್ಕೆ ಒಂದೇ ಸಂಖ್ಯೆ ಇಟ್ಟು, ಒಮ್ಮೆಗೆ ಎರಡು ಮೂರು ಟಿಕ್ಕಿನಷ್ಟೇ ಬದಲಿಸಿ ಪರಿಚಿತ ರಸ್ತೆಯಲ್ಲಿ ಓಡಿಸಿ ನೋಡುವುದು ಸರಿಯಾದ ಕ್ರಮ. ಮಳೆಗಾಲ ಮುಗಿದಾಗ ಮರೆಯಲ್ಲಿ ಕೂತ ಕೆಸರನ್ನು ಬ್ರಷ್ಷಿನಿಂದ ತೊಳೆದು ತೆಗೆಯದಿದ್ದರೆ ರಿಂಗುಗಳು ಹಿಡಿದುಕೊಂಡು, ಹೊಂದಿಸಬಹುದಾದ ಸಸ್ಪೆನ್ಷನ್ ಹೊಂದಿಸಲಾಗದ್ದಾಗುತ್ತದೆ.

ಕಾನೂನಿನ ಮಾತನ್ನು ಸೆಟ್ ಕೊಳ್ಳುವ ಮೊದಲೇ ಯೋಚಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿಯ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕಾಯ್ಲೋವರ್ ಹಾಕಿದ ಕಾರಿಗೆ ಆರ್‌ಟಿಒ ಆಕ್ಷೇಪ ಬರಬಹುದು, ಸಸ್ಪೆನ್ಷನ್ನಿನ ವಾರಂಟಿ ಕೈಬಿಡಬಹುದು, ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಬಹುದು. ಹಾಗಾಗಿ ಬಿಚ್ಚಿದ ಹಳೆಯ ಸ್ಟ್ರಟ್ಟು, ಸ್ಪ್ರಿಂಗು, ಬೋಲ್ಟುಗಳನ್ನು ಗುಜರಿಗೆ ಹಾಕಬಾರದು. ಎಣ್ಣೆ ಸವರಿ, ಎಡ ಬಲ ಎಂದು ಚೀಟಿ ಅಂಟಿಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಅವೇ ಬೇಕಾಗುತ್ತವೆ.