ತವರಿನ ಬಾಣಂತನಕ್ಕೆ ಆ ಫೈಲೂ ಹೊರಡಲಿ

ಚೆನ್ನೈನ ನಮ್ಮವರ ಮನೆಗಳಲ್ಲಿ ಸೀಮಂತ ಮುಗಿದರೆ ಗರ್ಭಿಣಿ ತವರಿನ ರೈಲು ಹತ್ತುವುದು ರೂಢಿ. ಸೀರೆ, ಬಳೆಗಳ ಜೊತೆ ಸಕ್ಕರೆ ಪರೀಕ್ಷೆಯ ವರದಿಯೂ ಹೋಗಬೇಕು.

ಪ್ರತಿ ಗರ್ಭಿಣಿಗೂ ಈ ಪರೀಕ್ಷೆಯಾಗಬೇಕೆಂದು ಪಟ್ಟು ಹಿಡಿದವರು ಚೆನ್ನೈನ ವೈದ್ಯ, 2022ರ ಪದ್ಮಶ್ರೀ ಪುರಸ್ಕೃತ ಡಾ. ವಿ. ಶೇಷಯ್ಯ. ಉಪವಾಸ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿ.ಗ್ರಾಂ. ಮುಟ್ಟಿದರೆ ಅದು ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಪರೀಕ್ಷೆ.

ತಾಯಿಯ ಹೆಚ್ಚುವರಿ ಸಕ್ಕರೆ ಮಾಸು ದಾಟಿ ಮಗುವನ್ನು ಸೇರುತ್ತದೆ. ಅದನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಅತಿಯಾಗಿ ದಪ್ಪಗಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ಉಳಿಯುತ್ತದೆ. ಆಗ ಮಗುವಿನ ಸಕ್ಕರೆ ಕುಸಿಯಬಹುದು. ಅದಕ್ಕೇ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು.

ಸುಲಭವಾಗಿ ಮರೆತುಹೋಗುವುದು ಹೆರಿಗೆಯಾದ ಆರನೇ ವಾರದ ಪರೀಕ್ಷೆ. ಅದು ಬರುವುದು ಬಾಣಂತನದ ನಡುವೆ, ಚೆನ್ನೈ ವೈದ್ಯರಿಂದ ದೂರದಲ್ಲಿ. ಹೆರಿಗೆಯಾದ ಮೇಲೆ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ನಿಜ. ಆದರೆ ಈ ತಾಯಂದಿರಿಗೆ ಮುಂದೆ ಟೈಪ್ 2 ಮಧುಮೇಹದ ಅಪಾಯ ಹಲವು ಪಟ್ಟು ಹೆಚ್ಚು.

ಕೆಲಸಕ್ಕೆಂದು ಇಲ್ಲೇ ಉಳಿಯುವ ಗಂಡಂದಿರೇ, ನಾಮಕರಣದ ಮುಹೂರ್ತದ ಜೊತೆ ಆ ದಿನವನ್ನೂ ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಿ.